ಹಳೆಯ ಆರ್ಕೇಡ್ ಪೆಟ್ಟಿಗೆ: ಪಿಕ್ಚರ್ ಟ್ಯೂಬ್ ಉಳಿಸಬೇಕೆ, ಎಲ್‌ಸಿಡಿ ಕೂರಿಸಬೇಕೆ?

ಚಿಕ್ಕಮಗಳೂರಿನಲ್ಲಿ ಹಳೆಯ ಆರ್ಕೇಡ್ ಆಟದ (ನಾಣ್ಯ ಹಾಕಿ ಆಡುವ ವಿಡಿಯೊ ಗೇಮಿನ) ಪೆಟ್ಟಿಗೆಯನ್ನು ಮನೆಯಲ್ಲೇ ಸರಿಪಡಿಸಲು ಹೊರಟವರು ಮೊದಲು ತೀರ್ಮಾನಿಸಬೇಕಾದದ್ದು ಪರದೆಯ ವಿಷಯವನ್ನು.

ಮೂಲ ಪಿಕ್ಚರ್ ಟ್ಯೂಬ್ (ಹಳೆಯ ಟಿವಿಗಳಲ್ಲಿದ್ದಂಥ ಗಾಜಿನ ಪರದೆ) ಕೊಡುವ ಚಿತ್ರಕ್ಕೆ ನನ್ನ ದೃಷ್ಟಿಯಲ್ಲಿ ಸಾಟಿಯಿಲ್ಲ. 1980ರ ಪ್ಯಾಕ್‌ಮ್ಯಾನ್ ಆಟದ ಚಿತ್ರ ಕೇವಲ 224×288 ಚುಕ್ಕೆಗಳದ್ದು. ಟ್ಯೂಬಿನಲ್ಲಿ ಆ ಚುಕ್ಕೆಗಳ ಅಂಚುಗಳು ಮೃದುವಾಗಿ ಬೆರೆಯುತ್ತವೆ, ಎಲ್‌ಸಿಡಿಯಲ್ಲಿ ಚೌಕಗಳಾಗಿ ಎದ್ದು ಕಾಣುತ್ತವೆ. ಆದರೆ ಟ್ಯೂಬಿಗೆ ಹೋಗುವ ವಿದ್ಯುತ್ತು ಸುಮಾರು 20,000 ವೋಲ್ಟಿನಷ್ಟಿದ್ದು, ಪ್ಲಗ್ ಕಿತ್ತ ಮೇಲೂ ಅದರಲ್ಲಿ ಉಳಿಯುವುದರಿಂದ, ಹಳೆಯ ಟಿವಿ ರಿಪೇರಿ ಬಲ್ಲವರು ಜೊತೆಗಿಲ್ಲದೆ ಹಿಂಬದಿಯ ಬಾಗಿಲು ತೆರೆಯಬಾರದು. ನನ್ನ ಪೆಟ್ಟಿಗೆಯಲ್ಲಿ ಟ್ಯೂಬ್ ಚೆನ್ನಾಗಿಯೇ ಇತ್ತು. ಮಾನಿಟರ್ ಬೋರ್ಡಿನ ಎರಡು ಕೆಪಾಸಿಟರುಗಳ (ವಿದ್ಯುತ್ತು ಹಿಡಿದಿಡುವ ಪುಟ್ಟ ಬಿಡಿಭಾಗಗಳ) ತಲೆ ಉಬ್ಬಿ, ಬುಡದಲ್ಲಿ ಕಂದು ಕಲೆ ಕಟ್ಟಿತ್ತು. ಅವನ್ನು ಬದಲಾಯಿಸಿದೊಡನೆ ನಡುಗುತ್ತಿದ್ದ ಚಿತ್ರ ಸ್ಥಿರವಾಯಿತು.

ಎಲ್‌ಸಿಡಿ ಹಗುರ, ಸುಲಭವಾಗಿ ಸಿಗುತ್ತದೆ. ಆದರೆ ಆಟದ ಹಳೆಯ ಸರ್ಕ್ಯೂಟ್ ಬೋರ್ಡಿನಿಂದ ಬರುವ ಸುಮಾರು 15 ಕಿಲೋಹರ್ಟ್ಸ್‌ನ ಚಿತ್ರ ಸಂಕೇತವನ್ನು ಸಾಮಾನ್ಯ ಕಂಪ್ಯೂಟರ್ ಮಾನಿಟರುಗಳು ಸ್ವೀಕರಿಸುವುದಿಲ್ಲವಾದ್ದರಿಂದ ನಡುವೆ ಪರಿವರ್ತಕ ಬೋರ್ಡೊಂದು ಬೇಕು. ಟ್ಯೂಬಿನ ಕುತ್ತಿಗೆ (ಹಿಂಬದಿಯ ಕಿರಿದಾದ ಭಾಗ) ಮುರಿದಿದ್ದರೆ ಮಾತ್ರ ಈ ದಾರಿಯನ್ನು ಸೂಚಿಸುತ್ತೇನೆ. ಇನ್ನೂ ಬೆಳಗುವ ಟ್ಯೂಬನ್ನು ಕಿತ್ತೆಸೆಯಬೇಡಿ, ಅಂಥದ್ದು ಮತ್ತೆ ಸಿಗುವುದು ಕಷ್ಟ.

ಯಾವುದನ್ನು ಆರಿಸಿದರೂ, ಪೆಟ್ಟಿಗೆ ಜಪಾನಿನದಾದರೆ ನಮ್ಮ 230 ವೋಲ್ಟನ್ನು 100ಕ್ಕೆ ಇಳಿಸುವ ಟ್ರಾನ್ಸ್‌ಫಾರ್ಮರ್ ಬೇಕಾಗುತ್ತದೆ. ಮರದ ಹುಡಿಯಿಂದ ಮಾಡಿದ ಹಲಗೆ ನಮ್ಮ ಮಳೆಗಾಲದ ತೇವ ಹೀರಿ ಬುಡದಿಂದಲೇ ಉಬ್ಬುವುದರಿಂದ, ಪೆಟ್ಟಿಗೆಯನ್ನು ನೆಲಕ್ಕೆ ತಾಗಿಸದೆ ರಬ್ಬರ್ ಕಾಲುಗಳ ಮೇಲೆ ನಿಲ್ಲಿಸಿ.