‘ಮಿಲ್ಕ್ ಕಾಟನ್’ನಲ್ಲಿ ಹಾಲಿಲ್ಲ, ಹೊದಿಕೆ ಮಾತ್ರ ಚೆನ್ನಾಗಿದೆ

ತಂಗಿ ಏಳು ತಿಂಗಳ ಬಸುರಿಯಾಗಿದ್ದಾಗ ಹುಬ್ಬಳ್ಳಿಯಲ್ಲಿ ಅವ್ವ ಟ್ರಂಕಿನಿಂದ ಹಳೆ ಸೀರೆ ತೆಗೆದು ಕೂಸಿಗೆ ಕೌದಿ ಹಾಕಲು ಕೂತಳು. ನಾನು ಇಲ್ಲಿ ಪುಣೆಯ ಕೋಥ್ರೂಡಿನಿಂದ ಫೋನು ಮಾಡಿ, ನಾನೂ ಒಂದು ಹೊದಿಕೆ ಹೆಣೀತೀನಿ ಅಂದೆ. “ನೀ ಹೆಣೀತಿ? ನಿನಗ ಸೂಜಿಗೆ ದಾರ ಪೋಣಸಾಕ ಬರೂದಿಲ್ಲ,” ಅಂದಳು. ನಿಜ. ಆದರೆ ಕ್ರೋಶಾ ಕಡ್ಡಿಗೆ ಕಣ್ಣೇ ಇಲ್ಲ, ತುದಿಯಲ್ಲೊಂದು ಕೊಕ್ಕೆ ಅಷ್ಟೇ. ಪೋಣಿಸುವ ಮಾತೇ ಬರಲಿಲ್ಲ. (ಕೊನೆಗೆ ಉಳಿದ ದಾರದ ತುದಿಗಳನ್ನು ಒಳಗೆ ಸೇರಿಸಲು ಸೂಜಿ ಬೇಕೇ ಆಯಿತು. ಅವ್ವನಿಗೆ ಹೇಳಿಲ್ಲ.)

ಈಗ ‘ಮಿಲ್ಕ್ ಕಾಟನ್’ ಅನ್ನುವ ನೂಲಿನ ಹೊದಿಕೆ ಮುಗಿದಿದೆ, ಮೂರು ಸಲ ಒಗೆದೂ ಆಗಿದೆ. ನನ್ನ ಹಾಗೆ ಮೊದಲ ಸಲ ಹೆಣೆಯುವವರು ‘ಬೇಬಿ’ ಅಂತ ಬರೆದ ನೂಲನ್ನೆಲ್ಲ ಕಣ್ಣುಮುಚ್ಚಿ ತರಬಾರದು ಅಂತ ಇದನ್ನು ಬರೆಯುತ್ತಿದ್ದೇನೆ.

ಮೊದಲು ತಂದದ್ದು ಅಕ್ರಿಲಿಕ್ ಬೇಬಿ ಉಲನ್, ಎರಡು ಉಂಡೆ. ಮೆತ್ತಗಿತ್ತು, ಅಗ್ಗವಿತ್ತು, ಒಗೆದರೆ ಮಧ್ಯಾಹ್ನದೊಳಗೆ ಒಣಗುತ್ತಿತ್ತು. ಆದರೆ ಗೇಣಗಲ ಹೆಣೆದು ತೊಡೆಯ ಮೇಲೆ ಇಟ್ಟುಕೊಂಡರೆ ಹತ್ತು ನಿಮಿಷಕ್ಕೆ ಕೆಳಗೆಲ್ಲ ಬೆವರು. ಅಕ್ರಿಲಿಕ್ ಬೆವರು ಹೀರುವುದಿಲ್ಲ. ಹುಬ್ಬಳ್ಳಿಯ ಮಾರ್ಚ್ ತಿಂಗಳಿಗೆ ಹುಟ್ಟುವ ಕೂಸಿಗೆ ಅದು ಶಿಕ್ಷೆಯೇ ಸರಿ. ಆಮೇಲೆ ಬರೀ ಹತ್ತಿಯ ದಾರ ತಂದೆ. ಅದು ಹಗ್ಗದ ಹಾಗೆ ಬಿಗಿ, ಬೆರಳು ಉರಿಯುತ್ತಿತ್ತು. ಎದುರು ಮನೆಯ ಕಾಕೂ ಎರಡನ್ನೂ ಮುಟ್ಟಿ ನೋಡಿ, “ಬೋಹ್ರಿ ಆಳಿಗೆ ಹೋಗು, ಮಿಲ್ಕ್ ಕಾಟನ್ ಕೇಳು,” ಅಂದರು. ನನಗೆ ಕ್ರೋಶಾ ಕಲಿಸಿದವರೂ ಅವರೇ. ಹಾಗಾಗಿ ನನಗೆ ಈ ವಿದ್ಯೆಯ ಶಬ್ದಗಳೆಲ್ಲ ಮರಾಠಿಯವು: ಸಾಖಳಿ (ಸರಪಳಿ), ಮುಕಾ ಖಾಂಬ, ಅರ್ಧಾ ಖಾಂಬ (ಅರ್ಧ ಕಂಬ), ಖಾಂಬ (ಕಂಬ). ಎಲ್ಲ ಹೊಲಿಗೆಯ ಹೆಸರು. ಮುಕಾ ಖಾಂಬ ಅಂದರೆ ಮೂಕ ಕಂಬ. ಈ ಕಂಬಗಳಲ್ಲಿ ಎಲ್ಲಕ್ಕಿಂತ ಗಿಡ್ಡದಕ್ಕೆ ಇಷ್ಟು ಚಂದದ ಹೆಸರಿಟ್ಟವರು ಯಾರೋ. ಇಂಗ್ಲಿಷಿನಲ್ಲಿ ಕಲಿಯುವವರ ಪಾಡು ಇನ್ನೂ ಕಷ್ಟ. ಅಮೆರಿಕದವರು ಸಿಂಗಲ್ ಅನ್ನುವ ಹೊಲಿಗೆಯನ್ನೇ ಬ್ರಿಟನ್ನಿನವರು ಡಬಲ್ ಅನ್ನುತ್ತಾರೆ. ನಮೂನೆ ಯಾವ ದೇಶದ್ದು ಅಂತ ನೋಡದೆ ಶುರುಮಾಡಿದರೆ ಹೊದಿಕೆಯ ಅಳತೆಯೇ ಬೇರೆಯಾಗುತ್ತದೆ.

ಬೋಹ್ರಿ ಆಳಿ ಅಂದರೆ ಇಲ್ಲಿಯ ರವಿವಾರ ಪೇಠೆಯ ಒಂದು ಓಣಿ. ಅಲ್ಲಿಗೆ ಮಂಡೈ ಮೆಟ್ರೋದಲ್ಲಿ ಇಳಿದು ನಡೆದೇ ಹೋಗಬಹುದು. ನಾನು ಹೋದ ಅಂಗಡಿಯ ಹೆಸರು ಹೇಳಲಾರೆ, ಬೋರ್ಡಿನ ಮುಂದೆ ಲೇಸಿನ ಸುರುಳಿಗಳನ್ನು ನೇತುಹಾಕಿ ಅವರೇ ಅದನ್ನು ಮುಚ್ಚಿಬಿಟ್ಟಿದ್ದಾರೆ. ಒಳಗೆ ಇಬ್ಬರು ನಿಂತರೆ ಮೂರನೆಯವರು ಮೆಟ್ಟಿಲ ಮೇಲೆ. ಗಲ್ಲೆಯಲ್ಲಿ ಕೂತ ಚಾಚಾ ನನ್ನನ್ನು ಕೇಳಿದ್ದು ಎರಡೇ ಪ್ರಶ್ನೆ: ಯಾವ ಅಳತೆ, ಯಾವ ಹೊಲಿಗೆ. ಎಪ್ಪತ್ತೈದು ತೊಂಬತ್ತು ಸೆಂಟಿಮೀಟರ್, ಅರ್ಧಾ ಖಾಂಬ ಅಂದೆ. “ಹನ್ನೆರಡು ಉಂಡೆ ಒಯ್ಯಿರಿ. ಉಳಿದರೆ ವಾಪಸ್ ತನ್ನಿ, ಲೇಬಲ್ ಹರಿಯಬೇಡಿ,” ಅಂದರು. ನಾನು ಲೆಕ್ಕಪತ್ರದ ಕೆಲಸದವಳು. ಅಂಗಡಿಯವರು ಹನ್ನೆರಡು ಅಂದರೆ ಹತ್ತು ಸಾಕು ಅಂತ ತಿಳಿಯುವುದು ಅಭ್ಯಾಸ. ಕೆನೆಬಣ್ಣದ್ದು ಹತ್ತು, ಅಂಚಿಗೆ ಸಾಸಿವೆ ಬಣ್ಣದ್ದು ಒಂದು ತಂದೆ. 50 ಗ್ರಾಮಿನ ಉಂಡೆಗೆ 80 ರೂಪಾಯಿ.

ನೂಲಿನ ವಿಷಯಕ್ಕೆ ಬರೋಣ. ಲೇಬಲ್ಲಿನಲ್ಲಿ ‘ಮಿಲ್ಕ್ ಕಾಟನ್’ ಅಂತ ದೊಡ್ಡಕ್ಷರ, ಪಕ್ಕದಲ್ಲಿ ಹಸುವಿನ ಚಿತ್ರ. ಯಾವ ನಾರು ಎಷ್ಟು ಪಾಲು ಅಂತ ಮಾತ್ರ ಎಲ್ಲೂ ಇಲ್ಲ. ಹಾಲಿನಿಂದ ನೂಲು ತೆಗೆಯುವುದು ಸುಳ್ಳೇನಲ್ಲ. 1930ರ ದಶಕದಲ್ಲೇ ಇಟಲಿಯವರು ಹಾಲಿನ ಕೇಸಿನ್‌ನಿಂದ ಲಾನಿಟಾಲ್ ಎಂಬ ನಾರು ಮಾಡಿದ್ದರು. ಹಾಲಿನ ನಾರು ಅಂದರೆ ಪ್ರೋಟೀನು, ಸುಟ್ಟರೆ ಕೂದಲು ಸುಟ್ಟ ವಾಸನೆ ಬರಬೇಕು. ಒಂದು ರಾತ್ರಿ ಒಲೆಯ ಪಕ್ಕ ತಟ್ಟೆಯಲ್ಲಿ ನೀರಿಟ್ಟುಕೊಂಡು, ಗೇಣುದ್ದ ದಾರವನ್ನು ಚಿಮಟಿಯಲ್ಲಿ ಹಿಡಿದು ದೀಪಕ್ಕೆ ತಾಗಿಸಿದೆ. ಕಾಗದ ಸುಟ್ಟ ವಾಸನೆ, ಒಂದಿಷ್ಟು ಬೂದಿ, ಅದರ ತುದಿಗೆ ಕರಗಿ ಗಟ್ಟಿಯಾದ ಕರಿ ಮಣಿ. ಕಾಗದದ ವಾಸನೆ ಹತ್ತಿಯದು, ಕರಿ ಮಣಿ ಅಕ್ರಿಲಿಕ್‌ನಂಥ ಸಿಂಥೆಟಿಕ್ ನಾರಿನದು. ಹಸುವಿನ ಪಾಲು ನನ್ನ ಮೂಗಿಗೆ ಬರಲಿಲ್ಲ. ಎಲ್ಲ ಕಂಪನಿಯದೂ ಹೀಗೇ ಅಂತಲ್ಲ, ನನಗೆ ಸಿಕ್ಕಿದ್ದರ ಕತೆ ಇದು.

ಹಾಲಿಲ್ಲದಿದ್ದರೂ ಹತ್ತಿ ಬೆವರು ಹೀರುತ್ತದೆ, ಸಿಂಥೆಟಿಕ್ ಮೆತ್ತಗೆ ಇಡುತ್ತದೆ. ಕೂಸಿಗೆ ಬೇಕಾದದ್ದು ಅಷ್ಟೇ. ದೋಷವೆಂದರೆ ನೂಲಿಗೆ ಹುರಿ ಸಾಲದು, ಸಣ್ಣ ಎಳೆಗಳು ಒಂದಕ್ಕೊಂದು ಅಂಟಿಕೊಂಡಿಲ್ಲ. ಕೊಕ್ಕೆಯ ಮೂತಿ ಚೂಪಾಗಿದ್ದರೆ ಎಳೆಗಳ ನಡುವೆ ನುಗ್ಗಿ ಅರ್ಧ ನೂಲನ್ನಷ್ಟೇ ಎತ್ತುತ್ತದೆ. ಹತ್ತು ಕಡ್ಡಿಗಳ ಅಗ್ಗದ ಸೆಟ್ಟಿನಲ್ಲಿ ಬಂದ ಕಡ್ಡಿಯಿಂದ ಒಂದು ವಾರ ಹೀಗೇ ಒದ್ದಾಡಿದೆ. ಆಮೇಲೆ ಪೋನಿ ಕಂಪನಿಯ ಅಲ್ಯೂಮಿನಿಯಂ ಕಡ್ಡಿ, 3.5 ಮಿ.ಮೀ. ತಂದೆ. ಮೂತಿ ಮೊಂಡು, ಮೈ ನುಣುಪು, ತೊಂದರೆ ಮುಕ್ಕಾಲು ಕಡಿಮೆಯಾಯಿತು. ಎರಡು ಉಂಡೆಗಳಲ್ಲಿ ನೂಲಿನ ನಡುಮಧ್ಯೆ ಗಂಟು ಸಿಕ್ಕಿತು. ಕಂಪನಿಯವರೇ ಹಾಕಿದ ಗಂಟು. ಅದನ್ನು ಹಾಗೇ ಬಿಟ್ಟು ಹೆಣೆದರೆ ಒಗೆದಾಗ ಬಿಚ್ಚುತ್ತದೆ, ಕತ್ತರಿಸಿ ಹೊಸದಾಗಿ ಸೇರಿಸಿ.

ಬಣ್ಣಕ್ಕೆ ಇನ್ನೊಂದು ಮಾತು. ಅಂಚಿಗೆ ಮೊದಲು ನನಗೆ ಬೇಕಿದ್ದದ್ದು ಖಣದ ಕೆಂಪು. ಅಂಗಡಿಯಲ್ಲೇ ಒದ್ದೆ ಕರವಸ್ತ್ರದಲ್ಲಿ ಎಳೆಯನ್ನು ಹಿಂಡಿದೆ, ಗುಲಾಬಿ ಕಲೆ ಬಿತ್ತು. ಕೂಸು ಸಿಕ್ಕಿದ್ದನ್ನೆಲ್ಲ ಬಾಯಿಗೆ ಹಾಕುತ್ತದೆ. ಕೆಂಪು ಬಿಟ್ಟೆ.

ನಮೂನೆಯನ್ನೂ ಒಮ್ಮೆ ಬಿಚ್ಚಿದ್ದೇನೆ. ಮೊದಲು ಶಂಖದ ಜಾಲರಿ ಹಾಕಿದ್ದೆ, ನೋಡಲು ಬಲು ಚಂದ. ವಿಡಿಯೋ ಕಾಲಿನಲ್ಲಿ ಅವ್ವ ನೋಡಿ, “ಅಷ್ಟ್ ತೂತಿದ್ರ ಕೂಸಿನ ಬಟ್ಟ ಸಿಗತಾವು,” ಅಂದಳು. ಬಟ್ಟ ಅಂದರೆ ಬೆರಳು. ಹೌದಲ್ಲ, ಎಳೆ ಬೆರಳಿಗೆ ದಾರ ಸುತ್ತಿಕೊಂಡರೆ ರಕ್ತ ನಿಂತುಬಿಡುತ್ತದೆ. ಎರಡು ರಾತ್ರಿಯ ಕೆಲಸ ಬಿಚ್ಚಿ ಉಂಡೆ ಸುತ್ತಿದೆ. ತೂತು ಕಾಣದ ಹಾಗೆ ಅರ್ಧಾ ಖಾಂಬ ಹಿಡಿದೆ. ಸಾಲಿಗೆ 130, ಒಟ್ಟು 112 ಸಾಲು, 14,560 ಹೊಲಿಗೆ. ಪ್ರತಿ ಸಾಲಿನ ಕೊನೆಯ ಹೊಲಿಗೆ ತಪ್ಪಿಸಿಕೊಳ್ಳುತ್ತದೆ, ಎಣಿಸದೆ ಹೋದರೆ ಹೊದಿಕೆ ಮೇಲೆ ಹೋದಂತೆ ಕಿರಿದಾಗುತ್ತದೆ. ವನಾಜದಿಂದ ಕಲ್ಯಾಣಿ ನಗರದವರೆಗೆ ದಿನಾ ಮೆಟ್ರೋದಲ್ಲಿ ಹೆಣೆದೆ. ಸಿವಿಲ್ ಕೋರ್ಟ್ ನಿಲ್ದಾಣದಲ್ಲಿ ಜನ ನುಗ್ಗುವಾಗ ಎಣಿಕೆ ತಪ್ಪುತ್ತಿತ್ತು, ಅದಕ್ಕೆ ಪ್ರತಿ ಇಪ್ಪತ್ತಕ್ಕೊಂದು ಸೇಫ್ಟಿಪಿನ್ನು ಸಿಕ್ಕಿಸಿದೆ. ಆರು ವಾರ ಹಿಡಿಯಿತು.

104ನೇ ಸಾಲಿಗೆ ನೂಲು ಮುಗಿಯಿತು. ಹತ್ತು ಉಂಡೆ ಸಾಕಾಗಲಿಲ್ಲ. ಮತ್ತೆ ಬೋಹ್ರಿ ಆಳಿ, ಮತ್ತೆ ಅದೇ ಚಾಚಾ. ಬೈಯಲಿಲ್ಲ, ನಕ್ಕರು. ಅದೇ ಶೇಡ್ ನಂಬರು, ಎರಡು ಉಂಡೆ ಕೊಟ್ಟು, “ಇದು ಬೇರೆ ಪ್ಯಾಕೆಟ್ಟು, ಬಿಸಿಲಲ್ಲಿ ನೋಡಿ ಹೆಣೆಯಿರಿ, ಬೇರೆ ಅನಿಸಿದರೆ ಹಳೆಯ ಸಾಲು ಸ್ವಲ್ಪ ಬಿಚ್ಚಿ ಒಂದು ಸಾಲು ಅದು, ಒಂದು ಸಾಲು ಇದು ಮಾಡಿ,” ಅಂದರು. ಟ್ಯೂಬ್‌ಲೈಟಿನಲ್ಲಿ ನೋಡಿದೆ, ಒಂದೇ ಬಣ್ಣ. ಎಂಟು ಸಾಲು ಹೆಣೆದು ಅಂಚು ಕಟ್ಟಿದೆ. ಭಾನುವಾರ ಬಾಲ್ಕನಿಗೆ ಒಯ್ದಾಗ ಕೊನೆಯ ನಾಲ್ಕು ಬೆರಳಿನಷ್ಟು ಜಾಗ ತುಸು ಹಳದಿ. ಒಂದೇ ಬಣ್ಣದ ನೂಲೂ ಪ್ರತಿ ಸಲ ಬಣ್ಣದ ಕಡಾಯಿಗೆ ಬಿದ್ದಾಗ ಕೂದಲೆಳೆಯಷ್ಟು ಬೇರೆಯಾಗುತ್ತದೆ. ಒಮ್ಮೆಗೇ ಒಂದೇ ಪ್ಯಾಕೆಟ್ಟಿನಿಂದ ತನ್ನಿ ಅನ್ನುವುದು ಅದಕ್ಕೇ.

ಒಗೆತ: ತಣ್ಣೀರು, ಕೈಯಲ್ಲೇ, ಹಿಂಡಬಾರದು. ಒದ್ದೆಯಾದರೆ ಭಾರ, ತಂತಿಗೆ ಹಾಕಿದರೆ ಉದ್ದಕ್ಕೆ ಜೋಲುತ್ತದೆ. ಮಂಚದ ಮೇಲೆ ಹಾಸಿ ಒಣಗಿಸಿ, ಒಂದೂವರೆ ದಿನ ಬೇಕು. ಮೂರನೇ ಒಗೆತಕ್ಕೆ ಮೇಲೆ ಸಣ್ಣ ಜುಂಗು ಎದ್ದಿದೆ. ಮೆತ್ತಗೆ ಮಾತ್ರ ಮೊದಲಿಗಿಂತ ಹೆಚ್ಚಾಗಿದೆ. ತೂಕ 575 ಗ್ರಾಂ, ನೂಲಿನ ಖರ್ಚು 960 ರೂಪಾಯಿ. ನಡುಗುವ ಚಳಿಯ ಊರಿಗೆ ಇದು ಸಾಲದು, ನಮ್ಮ ಕಡೆಗೆ ಸರಿ. ಇನ್ನೊಂದು ಮಾಡುವುದಿದ್ದರೆ ಇದೇ ನೂಲು ತರುತ್ತೇನೆ, ಹಸುವಿನ ಚಿತ್ರ ನೋಡದೆ.

ತಂಗಿಗೆ ಒಂದು ಮಾತು ಚೀಟಿಯಲ್ಲಿ ಬರೆದಿಟ್ಟೆ: ಮೊದಲ ವರ್ಷ ಮಲಗಿದ ಕೂಸಿನ ಮೇಲೆ ಸಡಿಲ ಹೊದಿಕೆ ಬೇಡ, ಮುಖಕ್ಕೆ ಜಾರುತ್ತದೆ. ಎತ್ತಿಕೊಂಡಾಗ ಸುತ್ತಲಿಕ್ಕೆ, ಎಚ್ಚರ ಇದ್ದಾಗ ನೆಲಕ್ಕೆ ಹಾಸಲಿಕ್ಕೆ ಇದು. ಅವ್ವನ ಕೌದಿಗೂ ಅದೇ ನಿಯಮ ಅಂತ ಬರೆಯುವ ಧೈರ್ಯ ಆಗಲಿಲ್ಲ, ಫೋನಿನಲ್ಲಿ ಗುಟ್ಟಾಗಿ ಹೇಳಿದೆ.

ಉಳಿದ ಒಂದು ಉಂಡೆ ವಾಪಸ್ ಕೊಡಲು ಹೋದಾಗ ಚಾಚಾ ತಕರಾರಿಲ್ಲದೆ 80 ರೂಪಾಯಿ ಎಣಿಸಿದರು. ಮೊಬೈಲಿನಲ್ಲಿ ಹೊದಿಕೆಯ ಫೋಟೋ ತೋರಿಸಿದೆ. ಕನ್ನಡಕ ಹಣೆಗೇರಿಸಿ, ಎರಡು ಬೆರಳಿನಿಂದ ಫೋಟೋ ಹಿಗ್ಗಿಸಿ, ಒಂದು ತುದಿಯಿಂದ ನೋಡುತ್ತಾ ಬಂದು ಸಾಸಿವೆ ಅಂಚಿನ ಪಕ್ಕದ ಕೊನೆಯ ಸಾಲುಗಳ ಮೇಲೆ ನಿಲ್ಲಿಸಿದರು. “ಇದು ಹನ್ನೊಂದನೆಯ ಉಂಡೆ, ಅಲ್ವಾ?”