ಹಿತ್ತಲ ಕುಂಬಳಕ್ಕೆ ಮೂರು ಪಾತ್ರೆ, ನನ್ನ ಓಟು ಕಲ್ಲಿಗೆ

ಈ ಸಲ ನಮ್ಮ ದಾವಣಗೆರೆ ಮನೆಯ ಹಿತ್ತಲಲ್ಲಿ ಒಂಬತ್ತು ಸಿಹಿಗುಂಬಳ ಬಂದವು. ಬೆಳಿಗ್ಗೆ ಏಳರೊಳಗೆ ಗಂಡು ಹೂ ಕಿತ್ತು ಹೆಣ್ಣು ಹೂವಿಗೆ ಮುಟ್ಟಿಸಿದ ಮೇಲೇ ಪೀಚು ಉದುರೋದು ನಿಂತಿದ್ದು. ಇಷ್ಟು ಕಾಯಿ ಇದ್ದಾಗ ಊರೂರು ಸುತ್ತಿ ತಂದ ಪಾತ್ರೆಗಳನ್ನೆಲ್ಲ ಇಳಿಸಿದೆ: ಸೇಲಂನ ಬಳಪದ ಕಲ್ಲಿನ ಚಟ್ಟಿ, ಕಾರೈಕುಡಿಯ ಕಬ್ಬಿಣದ ಬಾಣಲೆ, ಕೇರಳದ ಕಂಚಿನ ಉರುಳಿ.

ಕಲ್ಲಿನ ಚಟ್ಟಿಯೇ ನನಗಿಷ್ಟ. ಬೇಲೂರು, ಹಳೇಬೀಡಿನ ಗುಡಿ ಕೆತ್ತಿದ್ದೂ ಬಳಪದ ಕಲ್ಲಲ್ಲೇ, ಅದಕ್ಕೋ ಏನೋ ಕೈಗೆ ಹಿಡಿದರೆ ಪರಕೀಯ ಅನ್ನಿಸುವುದಿಲ್ಲ. ಹುಣಸೆಹುಳಿ ಎಷ್ಟು ಬಿದ್ದರೂ ರುಚಿ ಕೆಡುವುದಿಲ್ಲ.

ಆದರೆ ಇದು ನನ್ನನ್ನು ಎರಡು ಸಲ ಅಳಿಸಿತು. ಕೊಂಡು ತಂದ ಕೂಡಲೇ ಒಲೆ ಮೇಲೆ ಇಡುವ ಹಾಗಿಲ್ಲ, ಸೀಳುತ್ತದೆ. ಎಣ್ಣೆ, ಅರಿಶಿನ ಸವರಿ, ದಿನಾ ಬಿಸಿ ಗಂಜಿ ತುಂಬಿಟ್ಟು ಒಂದು ವಾರ ಪಳಗಿಸಿದೆ. ಆಮೇಲೆ ಹುಳಿ ಮಾಡಿದೆ. ಹೋಳು ಹದವಾಗಿ ಬೆಂದಾಗ ಉರಿ ಆರಿಸಿ ರೊಟ್ಟಿ ತಟ್ಟಲು ಕೂತೆ. ನಾಲ್ಕು ರೊಟ್ಟಿ ಆದರೂ ಚಟ್ಟಿಯಲ್ಲಿ ಇನ್ನೂ ಗುಳುಗುಳು ಸದ್ದು! ಮುಚ್ಚಳ ತೆಗೆದರೆ ಹೋಳೆಲ್ಲ ಕರಗಿ, ಸಿಪ್ಪೆ ಮಾತ್ರ ತೇಲುತ್ತಿತ್ತು. ಕಾಯಿ ಎಳೆಯದು ಅಂದುಕೊಂಡು, ತೊಟ್ಟು ಒಣಗಿದ ಬಲಿತ ಕಾಯಿ ಹೆಚ್ಚಿದೆ. ಮತ್ತೆ ಅದೇ ಗೊಜ್ಜು.

ಅವ್ವ ಬಂದು ಚಟ್ಟಿಯ ಹತ್ತಿರ ಅಂಗೈ ಹಿಡಿದು, "ಒಲೆ ಆರಿದ್ರೂ ಕಲ್ಲು ಆರಿಲ್ಲ ನೋಡವ್ವ" ಅಂದಳು. ತಪ್ಪು ಕಾಯಿಯದಲ್ಲ. ಈಗ ಚಾಕುವಿನ ತುದಿ ಹೋಳಿಗೆ ಅರ್ಧ ಇಳಿದು ನಿಂತಾಗಲೇ ಉರಿ ಆರಿಸುತ್ತೇನೆ. ಉಳಿದರ್ಧವನ್ನು ಕಲ್ಲೇ ಬೇಯಿಸುತ್ತದೆ. ಅಂಚು ಮುರಿಯದ ಹೋಳು, ಒಳಗೆಲ್ಲ ಬೆಣ್ಣೆ. ಬಿಸಿ ಚಟ್ಟಿಗೆ ತಣ್ಣೀರು ಮಾತ್ರ ಸುರಿಯಬೇಡಿ.

ಕಬ್ಬಿಣದ ಬಾಣಲೆ ಪಲ್ಯಕ್ಕೆ ಸರಿ. ಹೋಳಿನ ಅಂಚು ಕೆಂಪಗಾಗುತ್ತದೆ, ಮೇಲೆ ಗುರೆಳ್ಳು ಪುಡಿ ಉದುರಿಸಿದರೆ ಜೋಳದ ರೊಟ್ಟಿಗೆ ಬೇರೇನೂ ಬೇಡ. ಹುಣಸೆಹಣ್ಣು ಹಾಕಿದರೆ ಪಲ್ಯ ಕಪ್ಪಾಗಿ ಕಬ್ಬಿಣದ ವಾಸನೆ ಬರುತ್ತದೆ. ತೊಳೆದ ತಕ್ಷಣ ಒರೆಸಿ ಎಣ್ಣೆ ಸವರದಿದ್ದರೆ ತುಕ್ಕು.

ಉರುಳಿ ಗಾರಿಗೆ ಮಾಡುವ ದಿನಕ್ಕೆ. ತುರಿದ ಕುಂಬಳ, ಬೆಲ್ಲ ಹಾಕಿ ಮಗುಚಿದರೆ ತಳ ಹಿಡಿಯುವುದಿಲ್ಲ. ಭಾರ ಜಾಸ್ತಿ, ಬೆಲೆಯೂ ಜಾಸ್ತಿ.

ಇಂಡಕ್ಷನ್ ಒಲೆ ಇರುವವರಿಗೆ ಕಲ್ಲು, ಕಂಚು ಎರಡೂ ಆಗಿಬರುವುದಿಲ್ಲ.

ನಮ್ಮ ಮನೆಯಲ್ಲಿ ಅಡುಗೆ ಆಗುವುದು ಹನ್ನೆರಡೂವರೆಗೆ. ನನ್ನ ತಮ್ಮ ಮಂಡಿಪೇಟೆಯಿಂದ ಊಟಕ್ಕೆ ಬರುವುದು ಒಂದೂವರೆಗೆ. ಕಲ್ಲಿನ ಚಟ್ಟಿಯ ಹುಳಿ ಆಗಲೂ ಬೆಚ್ಚಗಿರುತ್ತದೆ, ಮತ್ತೆ ಗ್ಯಾಸ್ ಹಚ್ಚುವುದಿಲ್ಲ. ಚಟ್ಟಿಗೆ ಕೊಟ್ಟ ದುಡ್ಡು ನನಗೆ ಅಲ್ಲೇ ವಾಪಸ್ ಬಂತು. ಕೈ ಬಿಗಿ ಇದ್ದು ಒಂದೇ ಕೊಳ್ಳುವಿರಾದರೆ, ದಿನಾ ಪಲ್ಯ ಮಾಡುವವರು ಬಾಣಲೆ ತನ್ನಿ, ಹುಳಿ ಇಷ್ಟಪಡುವವರು ಕಲ್ಲು ತನ್ನಿ. ಉರುಳಿಯನ್ನು ಹಬ್ಬಕ್ಕೆ ಯಾರ ಹತ್ತಿರವಾದರೂ ಕೇಳಿ ತರಬಹುದು, ನಮ್ಮದನ್ನು ಈಗ ಪಕ್ಕದ ಮನೆಯವರು ಒಯ್ದಿದ್ದಾರೆ.