ಸ್ಕೋಡಾ ಕೈಲಾಕ್: ಗಾಡಿ ಸಣ್ಣದಾಯ್ತು, ಗತ್ತು ಉಳಿದಿದೆಯಾ?

ಭಾವ ಮಡಿಕೇರಿಗೆ ಸ್ಕೋಡಾದ ಪುಟ್ಟ ಪೆಟ್ರೋಲ್ ಎಸ್‌ಯುವಿ ಕೈಲಾಕ್ ತಂದಿದ್ದಾರೆ, ಮ್ಯಾನುವಲ್ ಗೇರಿನದು. ಸಂಪಾಜೆ ಘಾಟಿ ಇಳಿಸಿ ಹತ್ತಿಸಿ, ನಾಪೋಕ್ಲು ಕಡೆಯ ತೋಟದ ದಾರಿಗೂ ಇಳಿಸಿದ ಮೇಲೆ ಬರೆಯುತ್ತಿದ್ದೇನೆ. ಓಡಿಸುವುದಕ್ಕೆ ಈ ರೇಟಿನಲ್ಲಿ ಇಷ್ಟು ಖುಷಿ ಕೊಟ್ಟ ಕಾರು ನನಗೆ ಬೇರೆ ಸಿಕ್ಕಿಲ್ಲ. ಆದರೆ ಕೊಡಗಿನವರು ಇದನ್ನು ತಗೊಳ್ಳುತ್ತಾರಾ ಅನ್ನುವುದು ಬೇರೆ ಮಾತು.

ನಮ್ಮ ಕಡೆ ಸ್ಕೋಡಾ ಅಂದರೆ ಆಕ್ಟೇವಿಯಾ ಸೆಡಾನ್. 2001ರಲ್ಲಿ ಬಂತು. ತೋಟದ ಮನೆ ಅಂಗಳದಲ್ಲಿ ಜೀಪಿನ ಪಕ್ಕ ಅದೊಂದು ನಿಂತಿದ್ದರೆ ಆ ಮನೆಯ ಗತ್ತೇ ಬೇರೆ. ಬಾಗಿಲು ಹಾಕಿದರೆ ಧಪ್ ಅನ್ನುವ ಸದ್ದು, 1.9 ಲೀಟರಿನ ಡೀಸೆಲ್ ಎಂಜಿನ್, ಮೂಟೆಗಟ್ಟಲೆ ಸಾಮಾನು ನುಂಗುವ ಡಿಕ್ಕಿ. 2020ರಲ್ಲಿ ಹೊಗೆ ನಿಯಂತ್ರಣದ ಬಿಎಸ್6 ನಿಯಮ ಬಂದಾಗ ಕಂಪನಿ ಇಲ್ಲಿ ಡೀಸೆಲ್ ನಿಲ್ಲಿಸಿತು. ಅಷ್ಟರಲ್ಲಿ ಜನರಿಗೂ ಸೆಡಾನ್ ಬೇಡವಾಗಿತ್ತು, ಎಲ್ಲರಿಗೂ ಎತ್ತರದ ಗಾಡಿ ಬೇಕು. ಹಾಗಾದರೆ ಇನ್ನು ಸ್ಕೋಡಾ ಅಂತ ಗುರುತಿಸುವುದು ಹೇಗೆ?

ಕೈಲಾಕ್ ಉದ್ದ 3,995 ಮಿಲಿಮೀಟರ್. ನಾಲ್ಕು ಮೀಟರಿಗೆ ಬರೀ ಐದು ಮಿಲಿಮೀಟರ್ ಕಡಿಮೆ, ಸುಮ್ನೆ ಆದದ್ದಲ್ಲ. 2025ರ ಸೆಪ್ಟೆಂಬರ್ 22ರಿಂದ ಈ ಅಳತೆಯ ಸಣ್ಣ ಪೆಟ್ರೋಲ್ ಕಾರಿಗೆ ಜಿಎಸ್‌ಟಿ ಶೇ. 18, ಇದೇ ಕಂಪನಿಯ ಇದಕ್ಕಿಂತ ಉದ್ದದ ಕುಶಾಕ್‌ಗೆ ಶೇ. 40. ಜೆಕ್ ದೇಶದಲ್ಲಿ 1895ರಲ್ಲಿ ಸೈಕಲ್ಲಿನಿಂದ ಶುರುವಾದ ಕಂಪನಿ ಈಗ ನಮ್ಮ ತೆರಿಗೆ ನೋಡಿ ಟೇಪು ಹಿಡಿಯಬೇಕಾಗಿದೆ. ಅವರಿಗೂ ಬೇರೆ ದಾರಿ ಇಲ್ಲ ಬಿಡಿ. ಅತ್ತ ಯುರೋಪಿನಲ್ಲಿ ಚೀನಾ ಕಾರುಗಳು ನುಗ್ಗುತ್ತಿವೆ, ಮಾತೃಸಂಸ್ಥೆ ಫೋಕ್ಸ್‌ವ್ಯಾಗನ್ 2030ರೊಳಗೆ ಜರ್ಮನಿಯಲ್ಲಿ 35,000ಕ್ಕೂ ಜಾಸ್ತಿ ಕೆಲಸ ಕಡಿಮೆ ಮಾಡುವುದಾಗಿ 2024ರ ಕೊನೆಗೆ ಯೂನಿಯನ್ ಜೊತೆ ಒಪ್ಪಂದ ಮಾಡಿಕೊಂಡಿತು. ಇಂಥ ಹೊತ್ತಿನಲ್ಲಿ ಭಾರತದಲ್ಲಿ ಆಗ 7.89 ಲಕ್ಷದಿಂದ ಶುರುವಾಗುತ್ತಿದ್ದ ಈ ಕಾರು ಬಿಟ್ಟರು.

ಗತ್ತು ಉಳಿದಿರುವುದು ಸ್ಟೀರಿಂಗಿನಲ್ಲಿ. ಘಾಟಿಯಲ್ಲಿ ಮಂಜು ಮುಸುಕಿ, ರಸ್ತೆ ಅಂಚಿನಲ್ಲಿ ಪಾಚಿ ಕಟ್ಟಿ, ಎದುರಿಂದ ಬಸ್ಸು ಅರ್ಧ ರಸ್ತೆ ತಿಂದುಕೊಂಡು ಬರುವಾಗ ಎಡಕ್ಕೆ ಎಷ್ಟು ಸರಿಸಿದೆವು ಅನ್ನುವುದು ಕೈಗೆ ಸರಿಯಾಗಿ ಗೊತ್ತಾಗುತ್ತದೆ. ತಿರುವಿನಲ್ಲಿ ಗಾಡಿ ವಾಲಾಡುವುದಿಲ್ಲ, ಹಿಂದೆ ಕೂತ ಅತ್ತಿಗೆಗೆ ವಾಂತಿ ಬರಲಿಲ್ಲ, ಇದಕ್ಕಿಂತ ದೊಡ್ಡ ಸರ್ಟಿಫಿಕೇಟ್ ನಮ್ಮ ಮನೆಯಲ್ಲಿ ಇಲ್ಲ! ಕಾರನ್ನು ಗುದ್ದಿಸಿ ಸುರಕ್ಷತೆ ಅಳೆಯುವ ಭಾರತ್ ಎನ್‌ಕ್ಯಾಪ್ ಟೆಸ್ಟಿನಲ್ಲಿ 5 ಸ್ಟಾರ್, ಆರು ಏರ್‌ಬ್ಯಾಗ್ ಎಲ್ಲ ವೇರಿಯಂಟಿಗೂ ಇದೆ.

ಎಂಜಿನ್ 1 ಲೀಟರಿನ ಟರ್ಬೊ, 115 ಪಿಎಸ್. 178 ಎನ್ಎಂ ಟಾರ್ಕ್, ಅಂದರೆ ಎಳೆಯುವ ಬಲ, ಪೂರ್ತಿ ಸಿಗುವುದು 1,750 ಆರ್‌ಪಿಎಂ ಮೇಲೆ, ಅಂದರೆ ಹೇರ್‌ಪಿನ್ ಹತ್ತುವಾಗ ಎರಡನೇ ಗೇರಿನಲ್ಲಿ ಸೋಮಾರಿಯಾಗಿ ಕೂರುವಂತಿಲ್ಲ, ಹಳೆ ಡೀಸೆಲ್ ಅಭ್ಯಾಸ ಇದ್ದವರು ಕಾಲು ಬದಲಾಯಿಸಿಕೊಳ್ಳಬೇಕು. ಒಮ್ಮೆ ಟರ್ಬೊ ಎದ್ದರೆ ಮಾತ್ರ ಮಜಾ. 189 ಮಿಲಿಮೀಟರ್ ಗ್ರೌಂಡ್ ಕ್ಲಿಯರೆನ್ಸ್ ಇರುವುದರಿಂದ ನಡುವೆ ಹುಲ್ಲು ಬೆಳೆದ ತೋಟದ ದಾರಿಯಲ್ಲಿ ತಳ ತಾಗಲಿಲ್ಲ. ಆದರೆ ಫೋರ್ ವೀಲ್ ಡ್ರೈವ್ ಇಲ್ಲ, ಜೂನ್ ಮಳೆಗೆ ಆ ಕೆಸರಿನಲ್ಲಿ ಪ್ರಯತ್ನ ಮಾಡುವುದು ಬೇಡ. ಹಿಂದಿನ ಸೀಟು ಇಬ್ಬರಿಗೆ ಆರಾಮ, ಮೂವರಿಗೆ ಅಲ್ಲ.

ಇಲ್ಲಿನವರ ಲೆಕ್ಕ ಬೇರೆ ಇದೆ. ಇದೇ ಅಳತೆಯ ಟಾಟಾ ನೆಕ್ಸಾನ್, ಮಹೀಂದ್ರ ಎಕ್ಸ್‌ಯುವಿ 3ಎಕ್ಸ್‌ಒದಲ್ಲಿ ಡೀಸೆಲ್ ಸಿಗುತ್ತದೆ. ಮಾರುತಿ ಬ್ರೆಝಾ ಆದರೆ ಗೋಣಿಕೊಪ್ಪದ ಯಾವ ಮೆಕ್ಯಾನಿಕ್ ಆದರೂ ಧೈರ್ಯವಾಗಿ ಬಾನೆಟ್ ಎತ್ತುತ್ತಾನೆ. ನನ್ನ ಹತ್ತಿರ ಹಿಂದೆ ಯುರೋಪಿನ ಒಂದು ಕಂಪನಿಯ ಕಾರಿತ್ತು, ಹೆಸರು ಬೇಡ. ಒಂದು ಸೆನ್ಸರಿಗೆ ವಾರಗಟ್ಟಲೆ ಕಾದು, ಮಳೆಗಾಲದಲ್ಲಿ ಬಸ್ಸಿಗೆ ನಿಂತಿದ್ದೇನೆ. ಆ ಹೆದರಿಕೆ ಸುಲಭಕ್ಕೆ ಹೋಗಲ್ಲ. ಎಲ್ಲಾ ಯುರೋಪಿಯನ್ ಬ್ರ್ಯಾಂಡಿಗೂ ಇಲ್ಲಿ ನಿಜವಾದ ಪೈಪೋಟಿ ಇರುವುದು ಈ ಹೆದರಿಕೆ ಜೊತೆಗೇ ಅಲ್ವಾ?

ತಗೊಳ್ಳುವವರು ಆಟೊಮ್ಯಾಟಿಕ್ಕನ್ನೂ ಓಡಿಸಿ ನೋಡಿ. ಅದರಲ್ಲಿ ಇರುವುದು ಎಂಜಿನ್ ಶಕ್ತಿಯನ್ನು ಆಯಿಲ್ ಮೂಲಕ ಗೇರಿಗೆ ದಾಟಿಸುವ ಟಾರ್ಕ್ ಕನ್ವರ್ಟರ್, ಎರಡು ಕ್ಲಚ್ಚಿನ ಡಿಎಸ್‌ಜಿ ಅಲ್ಲ, ಏರು ಹತ್ತುವಾಗ ಕ್ಲಚ್ಚಿನ ರಗಳೆ ತಪ್ಪುತ್ತದೆ. ಟೆಸ್ಟ್ ಡ್ರೈವನ್ನು ಮೈಸೂರಿನ ರಿಂಗ್ ರೋಡಿನಲ್ಲಿ ಮುಗಿಸಬೇಡಿ, ನಾಲ್ಕು ಜನರನ್ನು ಕೂರಿಸಿಕೊಂಡು ಎಸಿ ಹಾಕಿ ಒಂದು ಒಳ್ಳೆ ಏರು ಹತ್ತಿಸಲು ಕೊಡುತ್ತಾರಾ ಕೇಳಿ.